ಶವರೋ ಬಕೆಟ್ಟೋ: ಬಚ್ಚಲಿನಲ್ಲಿ ನೀರು ಉಳಿಸುವ ಬಗೆ

ಪ್ರಶ್ನೆ: ಬೆಂಗಳೂರಿನ ಮೂರು ಅಂತಸ್ತಿನ ಕಟ್ಟಡವೊಂದರ ನೆಲಮಹಡಿಯಲ್ಲಿ ನಾವು ಐದು ಜನ ವಾಸವಾಗಿದ್ದೇವೆ. ಬಿಸಿನೀರು ತಾರಸಿಯ ಸೋಲಾರ್‌ನಿಂದ ಬರುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸುವುದು ಅನಿವಾರ್ಯವಾಗಿದೆ. ಮಕ್ಕಳಿಗೆ ಶವರ್ ಇಷ್ಟ. ಅತ್ತೆಯವರು ವಾರಕ್ಕೊಮ್ಮೆ ಎಣ್ಣೆಸ್ನಾನ ಮಾಡುತ್ತಾರೆ. ಉಳಿತಾಯವನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ: ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಭಾರತೀಯ ಮಾನದಂಡದಲ್ಲಿ ಸ್ನಾನಕ್ಕೇ 55 ಲೀಟರ್ ಮೀಸಲಾಗಿದ್ದು, ಅಡುಗೆ ಮತ್ತು ಕುಡಿಯುವ ನೀರು ಎರಡೂ ಸೇರಿ ಬರೀ 10 ಲೀಟರ್ ಆಗುವುದರಿಂದ, ನೀವು ಬಚ್ಚಲಿನಿಂದಲೇ ಆರಂಭಿಸುವುದು ಸರಿ.

ಮೊದಲು ಅಳೆಯಿರಿ. ಶವರ್ ಕೆಳಗೆ ಬಕೆಟ್ ಇಟ್ಟು ಒಂದು ನಿಮಿಷ ಪೂರ್ತಿ ಬಿಟ್ಟು ನೋಡಿ. ನಿಮಿಷಕ್ಕೆ 10 ಲೀಟರ್ ಬಂದರೆ, ಎಂಟು ನಿಮಿಷದ ಸ್ನಾನಕ್ಕೆ 80 ಲೀಟರ್ ಹೋಯಿತು ಎಂದರ್ಥ. ಸೋಪು ಹಚ್ಚಿಕೊಳ್ಳುವ ನಾಲ್ಕು ನಿಮಿಷ ನಲ್ಲಿ ನಿಲ್ಲಿಸಿದರೆ ಅದು 40ಕ್ಕೆ ಇಳಿಯುತ್ತದೆ. ನೀವು ನೆಲಮಹಡಿಯಲ್ಲಿರುವುದರಿಂದ ತಾರಸಿಯ ಟ್ಯಾಂಕಿನ ಒತ್ತಡ ಮೇಲಿನ ಮನೆಗಳಿಗಿಂತ ನಿಮಗೇ ಹೆಚ್ಚು, ಆದ್ದರಿಂದ ಅದೇ ಶವರ್ ನಿಮ್ಮಲ್ಲಿ ಹೆಚ್ಚು ನೀರು ಸುರಿಸುತ್ತದೆ. ಹರಿವು ತಗ್ಗಿಸುವ ಚಿಕ್ಕ ಬಿಲ್ಲೆಯನ್ನು ಪ್ಲಂಬರ್ ಕೈಯಲ್ಲಿ ಹಾಕಿಸಬಹುದು. ಆದರೆ ಗ್ಯಾಸ್ ಗೀಸರ್ ಇರುವ ಮನೆಯವರು ವಿಚಾರಿಸದೆ ಇದನ್ನು ಮಾಡಬಾರದು; ಹರಿವು ತೀರ ಕಡಿಮೆಯಾದರೆ ಅದು ಹೊತ್ತಿಕೊಳ್ಳುವುದಿಲ್ಲ.

ನಿಮ್ಮ ಮನೆಯ ದೊಡ್ಡ ಸೋರಿಕೆ ಬಹುಶಃ ಸೋಲಾರ್ ಪೈಪಿನಲ್ಲಿದೆ. ಮುಕ್ಕಾಲು ಇಂಚಿನ ಪೈಪಿನ ಪ್ರತಿ ಮೀಟರಿನಲ್ಲಿ ಸುಮಾರು 0.3 ಲೀಟರ್ ತಣ್ಣೀರು ನಿಂತಿರುತ್ತದೆ. ತಾರಸಿಯಿಂದ ನಿಮ್ಮ ಬಚ್ಚಲಿಗೆ 25 ಮೀಟರ್ ಪೈಪ್ ಇದ್ದರೆ ಏಳೆಂಟು ಲೀಟರ್. ಬಿಸಿನೀರು ಬರಲಿ ಎಂದು ಕಾಯುತ್ತ ಇದನ್ನು ಮೋರಿಗೆ ಬಿಡುವುದು ನಮ್ಮ ಎಷ್ಟೋ ಮನೆಗಳ ಬೆಳಗಿನ ರೂಢಿ. ಬಕೆಟ್ ಸ್ನಾನದ ನಿಜವಾದ ಲಾಭ ಇಲ್ಲಿದೆ: ಖಾಲಿ ಬಕೆಟ್ಟಿಗೆ ಮೊದಲು ಬಿಸಿನೀರಿನ ನಲ್ಲಿಯನ್ನೇ ತಿರುಗಿಸಿದರೆ, ಆರಂಭದ ತಣ್ಣೀರು ಹೇಗೂ ಬೆರೆಸಬೇಕಾದ ತಣ್ಣೀರೇ ಆಗಿಬಿಡುತ್ತದೆ. ಸೋಲಾರ್ ನೀರು 60 ಡಿಗ್ರಿ, ತಣ್ಣೀರು 25 ಡಿಗ್ರಿ ಇದ್ದರೆ 18 ಲೀಟರಿನ ಹದವಾದ ಸ್ನಾನಕ್ಕೆ ಸುಮಾರು ಹತ್ತು ಲೀಟರ್ ತಣ್ಣೀರು ಬೇಕೇ ಬೇಕು, ಹಾಗಾಗಿ ಪೈಪಿನ ನೀರು ಒಂದು ತೊಟ್ಟೂ ಪೋಲಾಗುವುದಿಲ್ಲ. ಇದರ ಜೊತೆಗೆ ಎಲ್ಲರೂ ಒಬ್ಬರ ಹಿಂದೊಬ್ಬರು ಮಿಂದರೆ ಪೈಪು ಆರುವ ಮೊದಲೇ ಮುಂದಿನವರಿಗೆ ಬಿಸಿನೀರು ಸಿಗುತ್ತದೆ. ಶವರ್ ಬಿಡಲಾರದ ಮಕ್ಕಳು ಆ ಮೊದಲ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಡಲಿ. ಶುದ್ಧವಾದ ಆ ನೀರು ಬಟ್ಟೆ ಒಗೆಯಲು ಸಲ್ಲುತ್ತದೆ.

ಅತ್ತೆಯವರ ಎಣ್ಣೆಸ್ನಾನಕ್ಕೆ ದಯವಿಟ್ಟು ಕೈಹಾಕಬೇಡಿ. ಸೀಗೆಪುಡಿ ತಲೆಯಿಂದ ಹೋಗಲು ನೀರು ಬೇಕು, ಮತ್ತು ವಾರಕ್ಕೊಂದು ಹೆಚ್ಚುವರಿ ಬಕೆಟ್ ನಿಮ್ಮ ಟ್ಯಾಂಕರ್ ಲೆಕ್ಕವನ್ನು ಏರಿಸಿಲ್ಲ. ಬೇಕಾದರೆ ಯಾರಾದರೂ ಪಕ್ಕದಲ್ಲಿ ನಿಂತು ಚೊಂಬಿನಿಂದ ಹುಯ್ದುಕೊಡಿ.

ಕಾವೇರಿ ನೀರಿನ ಸಂಪರ್ಕವಿದ್ದರೆ ಮಕ್ಕಳಿಗೆ ಒಂದು ಸಂಗತಿ ತಿಳಿಸಿ: ಆ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಸಾಗಿ, ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಮೇಲೇರಿ ಅವರ ಬಚ್ಚಲಿಗೆ ಬಂದಿರುತ್ತದೆ.

ಪ್ರಶ್ನೆ: ಸ್ನಾನದ ನೀರನ್ನು ಗಿಡಗಳಿಗೆ ಬಿಡಬಹುದೇ?

ಉತ್ತರ: ಬಿಡಬಹುದು. ಮಲೆನಾಡಿನ ಮನೆಗಳಲ್ಲಿ ಬಚ್ಚಲ ನೀರು ಹರಿಯುವ ಕಡೆ ಬಾಳೆ, ಕೆಸುವು ಬೆಳೆಸುವುದು ಹಿಂದಿನಿಂದಲೂ ಇದೆ. ಹಸಿಯಾಗಿ ತಿನ್ನುವ ಸೊಪ್ಪು, ಕುಂಡದ ಗಿಡಗಳಿಗೆ ಬೇಡ, ಏಕೆಂದರೆ ಸೋಪಿನ ಲವಣ ಕುಂಡದ ಸ್ವಲ್ಪ ಮಣ್ಣಿನಲ್ಲಿ ಬೇಗ ಶೇಖರವಾಗುತ್ತದೆ. ಈ ನೀರನ್ನು ಕೂಡಿಡದೆ ಅಂದೇ ಬಳಸಿ. ಮರುದಿನಕ್ಕೆ ಅದು ನಾರುತ್ತದೆ.