ಗಗನಚುಕ್ಕಿಗೆ ಡಿಸೆಂಬರಿನಲ್ಲಿ ಯಾವ ದಾರಿ? ದಾರಿ ಆಮೇಲೆ, ಮೊದಲು ನೀರು ನೋಡಿ

ಡಿಸೆಂಬರ್ ಕೊನೆಯ ವಾರ ವಯಸ್ಸಾದ ತಂದೆ ತಾಯಿಯನ್ನು ಮೈಸೂರಿನಿಂದ ಶಿವನಸಮುದ್ರದ ಗಗನಚುಕ್ಕಿ ಜಲಪಾತಕ್ಕೆ ಕರೆದೊಯ್ಯಲು ಬನ್ನೂರು ದಾರಿ ಒಳ್ಳೆಯದೋ, ತಿ. ನರಸೀಪುರದ್ದೋ ಎಂದು ಕೇಳಿದ್ದೀರಿ. ಇದೇ ಪ್ರಶ್ನೆಗೆ ನಾನೂ ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ಬನ್ನೂರು, ಕಿರುಗಾವಲು, ಮಳವಳ್ಳಿ ಎಂದು ದಾರಿಯನ್ನು ಸರಿಯಾಗಿಯೇ ಆರಿಸಿದೆ. ಹೋಗಿ ನೋಡಿದ್ದು ಬರೀ ಬಂಡೆ.

ಅಪ್ಪನ ಅಕ್ಕ, ನಮ್ಮ ದೊಡ್ಡತ್ತೆ, ಮಳವಳ್ಳಿ ಕಡೆಯಲ್ಲಿ ಹುಟ್ಟಿ ಬೆಳೆದವರು, ಮದುವೆಯಾಗಿ ಪುಣೆ ಸೇರಿದವರು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ದೀಪಾವಳಿಗೆಂದು ನಮ್ಮ ಮನೆಗೆ ಬಂದಿದ್ದರು. ಚಿಕ್ಕವರಿದ್ದಾಗ ಎತ್ತಿನ ಗಾಡಿಯಲ್ಲಿ ಗಗನಚುಕ್ಕಿಗೆ ಹೋಗುತ್ತಿದ್ದರಂತೆ. ನೀರು ಕಾಣುವುದಕ್ಕೆ ಎಷ್ಟೋ ಮೊದಲೇ ಎತ್ತುಗಳು ಕಿವಿ ನಿಮಿರಿಸುತ್ತಿದ್ದವು ಎಂದು ಮೂರು ದಿನದಲ್ಲಿ ಮೂರು ಸಲ ಹೇಳಿದರು. ಇನ್ನೊಮ್ಮೆ ನೋಡಬೇಕು ಎಂದರು. ಭಾನುವಾರ ಹೊರಡಿಸಿದೆ.

ನಾನು ವಿಚಾರಿಸದೆ ಹೊರಟವನಲ್ಲ. ನಮ್ಮ ಕಡೆ ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಕಣ್ಣು ಮೊದಲು ಹೋಗುವುದು ಕೆಆರ್‌ಎಸ್ ನೀರಿನ ಮಟ್ಟಕ್ಕೆ. ಗರಿಷ್ಠ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಅಂದು ಅಣೆಕಟ್ಟೆ ಹೆಚ್ಚುಕಡಿಮೆ ತುಂಬಿತ್ತು, ಹೊರಹರಿವು 4 ಸಾವಿರ ಕ್ಯುಸೆಕ್ ದಾಟಿತ್ತು. ಇಷ್ಟು ನೀರು ಬಿಟ್ಟಿದ್ದಾರೆಂದರೆ ಜಲಪಾತ ಧುಮ್ಮಿಕ್ಕುತ್ತಿರಲೇಬೇಕು ಎಂದುಕೊಂಡೆ.

ನಾನು ಎಡವಿದ್ದು ಇಲ್ಲಿಯೇ. ಹೊರಹರಿವು ಎಂದರೆ ನದಿಗೆ ಬಿಟ್ಟ ನೀರು ಮಾತ್ರವಲ್ಲ, ಅಣೆಕಟ್ಟೆಯಿಂದ ಹೊರಬಿದ್ದ ಒಟ್ಟು ನೀರು. ಅದರಲ್ಲಿ ದೊಡ್ಡ ಪಾಲು ವಿಶ್ವೇಶ್ವರಯ್ಯ ನಾಲೆಗೆ ಹೋಗುತ್ತದೆ. ಆ ನೀರು ಮಂಡ್ಯದ ಭತ್ತ, ಕಬ್ಬಿನ ಗದ್ದೆಗಳಿಗೆ ಹರಿಯುತ್ತದೆಯೇ ಹೊರತು ಜಲಪಾತದ ಮುಖ ನೋಡುವುದಿಲ್ಲ. ನದಿಗೆ ಇಳಿದದ್ದರಲ್ಲೂ ವಿರಿಜಾ ನಾಲೆ, ಚಿಕ್ಕದೇವರಾಯ ಸಾಗರ ನಾಲೆಗಳು ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಉಳಿದದ್ದಕ್ಕೆ ತಿ. ನರಸೀಪುರದಲ್ಲಿ ಕಬಿನಿ ಸೇರಬೇಕು. ಆ ಹೊತ್ತಿಗೆ ಕಬಿನಿ ಅಣೆಕಟ್ಟೆಯ ಗೇಟುಗಳು ಮುಚ್ಚಿ ವಾರಗಳೇ ಆಗಿದ್ದವು. ಅದನ್ನು ನಾನು ನೋಡಿಯೇ ಇರಲಿಲ್ಲ. ಶಿವನಸಮುದ್ರಕ್ಕೆ ಬಂದ ನೀರನ್ನೂ ಜಲಪಾತಕ್ಕಿಂತ ಮೊದಲೇ ಅಡ್ಡಗಟ್ಟಿ ಬ್ಲಫ್ ಎಂದು ಕರೆಯುವ ಅಲ್ಲಿನ ವಿದ್ಯುದಾಗಾರಕ್ಕೆ ತಿರುಗಿಸುತ್ತಾರೆ. ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಡಲು 1902ರಲ್ಲಿ ಶುರುವಾದದ್ದು ಅದು. ಹೊಳೆ ಸೊರಗಿದ ದಿನಗಳಲ್ಲಿ ವಿದ್ಯುದಾಗಾರದ ಪಾಲು ಹೋದ ಮೇಲೆ ಬಂಡೆಯ ಮೇಲೆ ಬೀಳಲು ಏನೂ ಉಳಿಯುವುದಿಲ್ಲ. ಒಂದೇ ಒಂದು ಅಂಕಿಯನ್ನು ನಂಬಿ ಇಷ್ಟನ್ನೂ ಮರೆತಿದ್ದೆ.

ವೀಕ್ಷಣಾ ಸ್ಥಳದ ಕಂಬಿ ಹಿಡಿದು ನಿಂತೆವು. ಎದುರಿಗೆ ಬಿಸಿಲಿಗೆ ಕಾದ ಕರಿಬಂಡೆ, ಅದರ ಒಂದು ಮೂಲೆಯಲ್ಲಿ ಎರಡು ಸಣ್ಣ ಎಳೆ ನೀರು. ದೊಡ್ಡತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. "ಇದು ಅದಲ್ಲ ಕಣಪ್ಪ, ಬೇರೆ ಎಲ್ಲಿಗೋ ಕರೆದುಕೊಂಡು ಬಂದಿದ್ದೀಯ" ಎಂದರು. ನನಗೆ ಮಾತು ಹೊರಡಲಿಲ್ಲ. ಪುಣೆಗೆ ಮರಳಿದ ಮೇಲೆ ಅವರ ಮಂಡಿ ನೋವು ಹೆಚ್ಚಾಯಿತು, ಮತ್ತೆ ಈ ಕಡೆ ಬರಲಾಗಲಿಲ್ಲ.

ಮರುವರ್ಷ ಜುಲೈನಲ್ಲಿ ವಯನಾಡಿನಲ್ಲಿ ಮಳೆ ಹಿಡಿದು ಕಬಿನಿಯಿಂದ ನದಿಗೆ ನೀರು ಬಿಟ್ಟರೆಂದು ತಿಳಿದು, ಮಂಗಳವಾರ ರಜೆ ಹಾಕಿ ಅಪ್ಪನೊಡನೆ ಹೋದೆ. ಕಾರಿನ ಗಾಜು ಇಳಿಸುವ ಮೊದಲೇ ಮೊರೆತ ಕೇಳಿಸಿತು. ದೊಡ್ಡತ್ತೆಗೆ ವಿಡಿಯೊ ಕರೆ ಮಾಡಿದೆ. ನೀರಿನ ಹನಿ ಕೂತು ಚಿತ್ರ ಮಸುಕಾಗಿತ್ತು. ಅವರು ಫೋನನ್ನು ಕಿವಿಗೆ ಒತ್ತಿಕೊಂಡರೆಂದು ಕಾಣುತ್ತದೆ, ನನ್ನ ಪರದೆಯಲ್ಲಿ ಅವರ ಬೆಂಡೋಲೆ ಮಾತ್ರ ಕಾಣುತ್ತಿತ್ತು.

ಆದ್ದರಿಂದ ನಿಮ್ಮ ಡಿಸೆಂಬರ್ ಯೋಜನೆಯನ್ನು ಕೈಬಿಡಿ ಎಂದೇ ಹೇಳುತ್ತೇನೆ. ರಜೆ ನೋಡಿ ಜಲಪಾತಕ್ಕೆ ಹೋಗಬಾರದು, ನೀರು ನೋಡಿ ರಜೆ ಹಾಕಬೇಕು. ಕಬಿನಿ ಚಿಕ್ಕ ಜಲಾಶಯ, 19.52 ಟಿಎಂಸಿ ಅಡಿ. ಕೆಆರ್‌ಎಸ್ 49.45. ಹಾಗಾಗಿ ಸಾಮಾನ್ಯವಾಗಿ ಮೊದಲು ತುಂಬುವುದು ಕಬಿನಿಯೇ. ಜೂನ್ ಕೊನೆಯಿಂದ ಅದರ ಮೇಲೆ ಕಣ್ಣಿಡಿ. ಎರಡೂ ಕಡೆಯಿಂದ ನದಿಗೆ ಎಷ್ಟು ಬಿಟ್ಟರು ಎಂದು ನೋಡಿ, ನಾಲೆಗೆ ಬಿಟ್ಟದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ನದಿಪಾತ್ರದ ಜನರು ಎಚ್ಚರದಿಂದಿರಬೇಕು ಎಂಬ ಪ್ರಕಟಣೆ ಬಂದರೆ ಜಲಪಾತ ತುಂಬಿತೆಂದು ತಿಳಿಯಿರಿ. ಅಂಥ ದಿನ ಕಂಬಿಯ ಈಚೆಯೇ ನಿಲ್ಲಿ. ದರ್ಗಾದ ಕಡೆಯಿಂದ ಬಂಡೆಗೆ ಇಳಿದರೆ ಹತ್ತಿರದಿಂದ ಕಾಣುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ, ಪಾಚಿಗಟ್ಟಿದ ಬಂಡೆ ಅದು.

ಡಿಸೆಂಬರಿನಲ್ಲೇ ಹಿರಿಯರನ್ನು ಎಲ್ಲಿಗಾದರೂ ಕರೆದೊಯ್ಯಬೇಕೆಂದರೆ ಸೋಮನಾಥಪುರಕ್ಕೆ ಹೋಗಿ. ಆ ಹೊಯ್ಸಳ ದೇವಾಲಯಕ್ಕೆ ಮಳೆಗಾಲ, ಬೇಸಿಗೆ ಎಂಬುದಿಲ್ಲ.

ದಾರಿಯ ವಿಷಯ: ಬನ್ನೂರು. ಗಗನಚುಕ್ಕಿಯ ವೀಕ್ಷಣಾ ಸ್ಥಳ ಮಳವಳ್ಳಿ ಕಡೆಗಿದೆ. ನರಸೀಪುರ, ಕೊಳ್ಳೇಗಾಲದ ಮೇಲೆ ಹೋದರೆ ಮೊದಲು ಸಿಗುವುದು ಇನ್ನೊಂದು ಜಲಪಾತ ಭರಚುಕ್ಕಿ, ಅಲ್ಲಿ ಕೆಳಗಿಳಿಯಲು ಮೆಟ್ಟಿಲುಗಳಿವೆ. ನಿಮ್ಮ ತಾಯಿಯವರಿಗೆ ಮಂಡಿ ನೋವಿದೆ ಎಂದು ಬರೆದಿದ್ದೀರಿ, ಅವರನ್ನು ಆ ಮೆಟ್ಟಿಲು ಇಳಿಸಬೇಡಿ.