ಹೊಸ ಚೈನ್ ಹಾಕಿಸಿದ ಮೇಲೆ ಕಟಕ್ ಅನ್ನುವ ಸದ್ದು ಯಾಕೆ?

ಪ್ರಶ್ನೆ: ನನ್ನದು 125 ಸಿಸಿ ಬೈಕ್. ಮೂರು ವಾರದ ಹಿಂದೆ ಮನೆ ಹತ್ತಿರದ ಗ್ಯಾರೇಜಿನಲ್ಲಿ ಚೈನ್ ಸೆಟ್ ಬದಲಾಯಿಸಿದೆ. ದಿನಾ ನಾಗರಬಾವಿಯಿಂದ ಪೀಣ್ಯಕ್ಕೆ ಓಡಾಟ. ಒಬ್ಬನೇ ಹೋಗುವಾಗ ಸಣ್ಣ ಗೊರಗೊರ ಸದ್ದು, ಅಷ್ಟೆ. ಹೆಂಡತಿಯನ್ನು ಕೂರಿಸಿಕೊಂಡು ಹಂಪ್ ದಾಟಿದರೆ ಮಾತ್ರ ಕೆಳಗಿನಿಂದ ‘ಕಟಕ್’ ಅನ್ನುತ್ತದೆ, ಹಿಂದಿನ ಚಕ್ರವನ್ನು ಯಾರೋ ಹಿಡಿದು ಎಳೆದ ಹಾಗಾಗುತ್ತದೆ. ಮೆಕ್ಯಾನಿಕ್‌ನ ಕೇಳಿದರೆ “ಹೊಸ ಚೈನ್ ಅಲ್ವಾ ಸಾರ್, ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ” ಅನ್ನುತ್ತಾರೆ. ಈ ಭಾನುವಾರ ಇಬ್ಬರೂ ಶಿವಗಂಗೆಗೆ ಹೋಗೋಣ ಅಂದುಕೊಂಡಿದ್ದೇವೆ. ಹೋಗಬಹುದಾ?
— ಓದುಗರು, ನಾಗರಬಾವಿ

ಉತ್ತರ: ಹೋಗಬೇಡಿ. ಮೊದಲು ಚೈನ್ ಸರಿಮಾಡಿಸಿ, ಆಮೇಲೆ ಶಿವಗಂಗೆ. ತುಮಕೂರು ರಸ್ತೆಯ ವೇಗದಲ್ಲಿ ಚೈನ್ ಕಿತ್ತುಕೊಂಡು ಮುಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹತ್ತಿರ ಸಿಕ್ಕಿಹಾಕಿಕೊಂಡರೆ ಹಿಂದಿನ ಚಕ್ರ ಅಲ್ಲೇ ಜಾಮ್ ಆಗುತ್ತದೆ. ಹಿಂದೆ ಲಾರಿ ಬರುತ್ತಿರುತ್ತದೆ.

ನಿಮ್ಮ ಮೆಕ್ಯಾನಿಕ್ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಹೊಸ ಚೈನ್ ಮೊದಲ ಕೆಲವು ನೂರು ಕಿಲೋಮೀಟರ್‌ನಲ್ಲಿ ಸ್ವಲ್ಪ ಸಡಿಲ ಆಗುತ್ತದೆ. ಹೇಗೂ ಸಡಿಲ ಆಗುತ್ತಲ್ಲ ಅಂತ ಎಷ್ಟೋ ಜನ ಮೊದಲೇ ಬಿಗಿಯಾಗಿ ಎಳೆದು ಬಿಡುತ್ತಾರೆ, ನಿಮ್ಮ ಬೈಕಿಗೂ ಹಾಗೇ ಮಾಡಿದ್ದಾರೆ ಅಂತ ನನಗೆ ಅನ್ನಿಸುತ್ತದೆ. ಇಬ್ಬರು ಕೂತಾಗ ಮಾತ್ರ ಸದ್ದು ಬರುವುದೇ ಅದಕ್ಕೆ ಗುರುತು. ಭಾರ ಬಿದ್ದಾಗ ಸ್ವಿಂಗ್ ಆರ್ಮ್, ಅಂದರೆ ಹಿಂದಿನ ಚಕ್ರ ಹಿಡಿದಿರುವ ತೋಳು, ಮೇಲೆ ಬರುತ್ತದೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಸಿಕ್ಕಿಸಿರುವ ಬೋಲ್ಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಎರಡು ಸ್ಪ್ರಾಕೆಟ್ ನಡುವಿನ ದೂರ ಎಲ್ಲಕ್ಕಿಂತ ಜಾಸ್ತಿ. ಖಾಲಿ ನಿಂತಾಗಲೇ ಬಿಗಿ ಇರುವ ಚೈನ್ ಆಗ ತಂತಿಯ ಹಾಗೆ ಸೆಟೆದುಕೊಳ್ಳುತ್ತದೆ.

ನೀವೇ ನೋಡಬಹುದು. ಸೆಂಟರ್ ಸ್ಟ್ಯಾಂಡ್ ಹಾಕಿ, ಕೀ ತೆಗೆದು ಜೇಬಿಗಿಟ್ಟುಕೊಳ್ಳಿ, ನ್ಯೂಟ್ರಲ್ ಮಾಡಿ. ದಯವಿಟ್ಟು ಇಂಜಿನ್ ಆನ್ ಮಾಡಿ ಗೇರ್ ಹಾಕಿ ಚೈನ್ ಮುಟ್ಟಬೇಡಿ, ಹಾಗೆ ಮಾಡಿ ಬೆರಳು ಕಳೆದುಕೊಂಡವರಿದ್ದಾರೆ. ಚೈನ್ ಪೂರ್ತಿ ಕವರ್‌ನೊಳಗೆ ಇದ್ದರೆ ಕೆಳಗಡೆ ರಬ್ಬರ್ ಮುಚ್ಚಳ ಇರುತ್ತದೆ, ಅದನ್ನು ತೆಗೆದು ಒಳಗೆ ಬೆರಳಿಟ್ಟು ಕೆಳಗಿನ ಸಾಲಿನ ಮಧ್ಯದಲ್ಲಿ ಚೈನ್ ಮೇಲೆ ಕೆಳಗೆ ಎಷ್ಟು ಆಡುತ್ತದೆ ನೋಡಿ. ಈ ಅಳತೆಯ ಬೈಕುಗಳಲ್ಲಿ ಹೆಚ್ಚಿನವಕ್ಕೆ 20ರಿಂದ 30 ಮಿ.ಮೀ. ಆಟ ಬೇಕು, ಕೆಲವಕ್ಕೆ ಇನ್ನೂ ಜಾಸ್ತಿ. ನಿಮ್ಮ ಬೈಕಿನ ಲೆಕ್ಕ ಮ್ಯಾನ್ಯುಯಲ್‌ನಲ್ಲಿದೆ, ಅದನ್ನೇ ನಂಬಿ. ಒಂದೇ ಕಡೆ ನೋಡಿ ಬಿಡಬೇಡಿ. ಚಕ್ರವನ್ನು ಕೈಯಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕೈದು ಕಡೆ ನೋಡಿ, ಎಲ್ಲಿ ತುಂಬಾ ಬಿಗಿ ಅನ್ನಿಸುತ್ತದೋ ಅಲ್ಲಿನ ಆಟಕ್ಕೆ ಸರಿಯಾಗಿ ಅಡ್ಜಸ್ಟ್ ಮಾಡಿಸಬೇಕು.

ಹಾಗೇ ಚೈನ್‌ನ ಎರಡು ತುದಿ ಸೇರಿಸುವ ಚೈನ್ ಲಾಕ್ ನೋಡಿ, ಇದನ್ನು ಮಾತ್ರ ಇವತ್ತೇ ನೋಡಿ. ಕವರ್‌ನೊಳಗೆ ಕಾಣದಿದ್ದರೆ ಬಿಚ್ಚಿಸಿಯಾದರೂ ನೋಡಿ. ಲಾಕ್ ಮೇಲಿನ ಕ್ಲಿಪ್ ಪುಟ್ಟ ಮೀನಿನ ಹಾಗಿರುತ್ತದೆ. ಒಂದು ಕಡೆ ಮುಚ್ಚಿದ ತಲೆ, ಇನ್ನೊಂದು ಕಡೆ ಸೀಳಿದ ಬಾಲ. ಚೈನ್ ಯಾವ ಕಡೆಗೆ ಓಡುತ್ತದೋ ಆ ಕಡೆಗೆ ಮೀನಿನ ತಲೆ ಇರಬೇಕು. ಮೇಲಿನ ಸಾಲಿನಲ್ಲಿದ್ದರೆ ತಲೆ ಬೈಕಿನ ಮುಂದಕ್ಕೆ, ಕೆಳಗಿನ ಸಾಲಿನಲ್ಲಿದ್ದರೆ ಹಿಂದಕ್ಕೆ. ತಿರುಗುಮುರುಗು ಹಾಕಿದ್ದರೆ ಎಲ್ಲಾದರೂ ತಗುಲಿ ಕ್ಲಿಪ್ ಕಳಚಿಕೊಳ್ಳುತ್ತದೆ, ಆಮೇಲೆ ಚೈನ್ ಬಿಡಲು ಜಾಸ್ತಿ ಹೊತ್ತು ಬೇಡ.

ಇನ್ನು ಚಕ್ರ ಹಿಡಿದೆಳೆದ ಹಾಗಾಗುವುದು ಚೈನ್ ಬಿಗಿಯಿಂದಲೂ ಇರಬಹುದು, ಬ್ರೇಕಿನಿಂದಲೂ ಇರಬಹುದು. ಚೈನ್ ಬಿಗಿ ಮಾಡಲು ಚಕ್ರವನ್ನು ಹಿಂದಕ್ಕೆ ಎಳೆಯುತ್ತಾರಲ್ಲ, ಡ್ರಮ್ ಬ್ರೇಕ್ ಆದರೆ ಅದರ ಜೊತೆ ಬ್ರೇಕ್ ರಾಡ್ ಕೂಡ ಬಿಗಿಯಾಗುತ್ತದೆ. ಆ ನಟ್ ಸಡಿಲ ಮಾಡಲು ಮರೆತರೆ ಬ್ರೇಕ್ ಸದಾ ಉಜ್ಜುತ್ತಲೇ ಇರುತ್ತದೆ. ಪೀಣ್ಯ ತಲುಪಿದ ಮೇಲೆ ಹಿಂದಿನ ಡ್ರಮ್ ಹತ್ತಿರ ಅಂಗೈ ತಂದು ನೋಡಿ, ಕಾವು ಮುಖಕ್ಕೆ ಹೊಡೆಯುವಷ್ಟಿದ್ದರೆ ಅದೇ ಕಾರಣ. ಸ್ವಿಂಗ್ ಆರ್ಮ್‌ನ ಎರಡೂ ಕಡೆಯ ಗೆರೆ ಗುರುತುಗಳು ಸಮ ಇವೆಯಾ ಅದನ್ನೂ ನೋಡಿ. ಹೊಸ ಚೈನ್‌ಗೇ ಚಕ್ರವನ್ನು ಹಿಂದಕ್ಕೆ ಎಳೆಯುವ ಅಡ್ಜಸ್ಟರ್ ಹಿಂದಿನ ತುದಿಗೆ ಹೋಗಿದ್ದರೆ ಲಿಂಕ್ ಲೆಕ್ಕವೇ ತಪ್ಪಿದೆ, ಆ ಚೈನ್ ನಿಮ್ಮ ಬೈಕಿನದಲ್ಲ.

ಇದೇ ತಪ್ಪಿನಿಂದ ನಾನೂ ಪೆಟ್ಟು ತಿಂದಿದ್ದೇನೆ. ಬಿಗಿ ಚೈನ್‌ನಲ್ಲೇ ಎರಡು ತಿಂಗಳು ಓಡಿಸಿದೆ, ಸೆಟ್ ಆಗುತ್ತದೆ ಅಂತ ನಂಬಿ. ಬೆಳಿಗ್ಗೆ ಬೈಕ್ ತೆಗೆದರೆ ನೆಲದ ಮೇಲೆ ಎಡಗಡೆ ರೂಪಾಯಿ ಅಗಲದ ಕಪ್ಪು ಎಣ್ಣೆ ಕಲೆ. ಒರೆಸಿದರೆ ಮಾರನೇ ದಿನ ಮತ್ತೆ. ಮುಂದಿನ ಸ್ಪ್ರಾಕೆಟ್ ಹಿಂದಿನ ಆಯಿಲ್ ಸೀಲ್ ಹೋಗಿತ್ತು, ಗೇರ್ ಬಾಕ್ಸ್ ಶಾಫ್ಟಿನ ಬೇರಿಂಗ್ ಕೂಡ ಸವೆದಿತ್ತು. ಇಂಜಿನ್ ಬಿಚ್ಚಿಸಬೇಕಾಯಿತು. ಹತ್ತು ನಿಮಿಷದ ಸ್ಪ್ಯಾನರ್ ಕೆಲಸಕ್ಕೆ ಅಷ್ಟೆಲ್ಲ ಆಯಿತು ಅನ್ನುವ ಸಂಕಟ ಇನ್ನೂ ಹೋಗಿಲ್ಲ.

ಅದೇ ಗ್ಯಾರೇಜಿಗೆ ಬಿಲ್ ಸಮೇತ ಹೋಗಿ. ಜಗಳ ಬೇಡ. “ಅಣ್ಣಾ, ನಾವಿಬ್ಬರೂ ಕೂತ್ಕೋತೀವಿ, ನೀವು ಚೈನ್ ಎತ್ತಿ ನೋಡಿ” ಅನ್ನಿ. ಆಟವೇ ಇಲ್ಲ ಅಂತ ಅವರ ಕೈಗೇ ಗೊತ್ತಾಗುತ್ತದೆ. ಆಕ್ಸಲ್ ನಟ್ ಪೂರ್ತಿ ಬಿಗಿ ಮಾಡಿದ ಮೇಲೆ ಇನ್ನೊಂದು ಸಲ ಅಳೆಯಲು ಹೇಳಿ, ಯಾಕೆಂದರೆ ನಟ್ ಬಿಗಿ ಮಾಡುವಾಗ ಅಳತೆ ಬದಲಾಗುತ್ತದೆ. ಆ ನಟ್ ಕಳಚದ ಹಾಗೆ ಹಿಡಿಯುವ ಸ್ಪ್ಲಿಟ್ ಪಿನ್ ಇರುವ ಬೈಕ್ ಆದರೆ ಹೊಸ ಪಿನ್ ಹಾಕಿಸಿ. ಮಾಡಿಕೊಡಲ್ಲ ಅಂದರೆ ಬೇರೆ ಕಡೆ ಸರಿಮಾಡಿಸಿ, ಆ ಬಿಲ್ಲೂ ಇಟ್ಟುಕೊಳ್ಳಿ. 1915ಕ್ಕೆ ಫೋನ್ ಮಾಡಿದರೆ ಗ್ರಾಹಕ ಸಹಾಯವಾಣಿಯವರು ದೂರು ಬರೆದುಕೊಳ್ಳುತ್ತಾರೆ.

ಪ್ರಶ್ನೆ: ಚೈನ್ ಮಾತ್ರ ಸಡಿಲ ಆಗಿದೆ, ಸ್ಪ್ರಾಕೆಟ್ ಚೆನ್ನಾಗೇ ಕಾಣುತ್ತದೆ. ಜೆ.ಸಿ. ರಸ್ತೆಯಲ್ಲಿ ಬರೀ ಚೈನ್ ತಂದು ಹಾಕಿಸಿದರೆ ಸಾಲದಾ?
— ಓದುಗರು, ಬಸವನಗುಡಿ

ಉತ್ತರ: ಸಾಲದು. ಹಳೆ ಚೈನ್ ಜೊತೆ ಹಲ್ಲುಗಳೂ ಸವೆದಿರುತ್ತವೆ, ಕೊಕ್ಕೆಯ ಹಾಗೆ ಒಂದು ಕಡೆ ಬಾಗಿರುತ್ತವೆ. ಅದರ ಮೇಲೆ ಹೊಸ ಚೈನ್ ಓಡಿಸಿದರೆ ಅದೂ ಬೇಗ ಹಾಳಾಗುತ್ತದೆ. ಚೈನ್, ಎರಡೂ ಸ್ಪ್ರಾಕೆಟ್ ಸೆಟ್ಟಾಗಿಯೇ ತನ್ನಿ, ಚೈನ್ ಮೇಲೆ ಒತ್ತಿರುವ 428 ಅಥವಾ 520 ಅನ್ನುವ ನಂಬರ್ ಹಳೆಯದಕ್ಕೆ ಹೊಂದುತ್ತದಾ ನೋಡಿ, ಲಿಂಕ್ ಎಣಿಸಿಕೊಳ್ಳಿ. ಲಿಂಕ್‌ಗಳಲ್ಲಿ ರಬ್ಬರ್ ಉಂಗುರ ಇರುವ ಓ-ರಿಂಗ್ ಚೈನ್ ಆದರೆ ಪೆಟ್ರೋಲ್‌ನಲ್ಲಿ ತೊಳೆಯಬೇಡಿ, ರಬ್ಬರ್ ಹಾಳಾಗುತ್ತದೆ. ಸೀಮೆಎಣ್ಣೆ ಸಾಕು.