ಹುಡುಗರನ್ನು ಗ್ರೌಂಡಿಗೆ ಕಳಿಸಬೇಡಿ

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಮೇಷ್ಟ್ರು. ಆಸ್ಪತ್ರೆಯ ಸಿಸ್ಟರ್ ಬಂದು ಆರು, ಏಳನೇ ಕ್ಲಾಸಿನ ಹೆಣ್ಣುಮಕ್ಕಳಿಗೆ ಮುಟ್ಟಿನ ಬಗ್ಗೆ ಹೇಳುವಾಗ ಹುಡುಗರಿಗೆ ಕಬಡ್ಡಿ ಆಡಿಸುವುದು ನನ್ನ ಕೆಲಸ. ‘ಒಳಗೇನು ಹೇಳ್ತಿದಾರೆ ಸಾರ್?’ ಅಂತ ಅವರು ಕೇಳುತ್ತಾರೆ. ಹೆಡ್ ಮಾಸ್ಟರು ‘ಎಂಟನೇ ಕ್ಲಾಸಿನ ಪುಸ್ತಕದಲ್ಲಿ ಪಾಠ ಇದೆ, ಸುಮ್ನಿರಿ’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಪಾಠ ಬರೋವರೆಗೆ ಮೈ ಕಾಯುತ್ತದೆಯೇ? ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ, ಗಂಡುಮಕ್ಕಳಲ್ಲಿ 9ರಿಂದ 14ರೊಳಗೆ ಬದಲಾವಣೆ ಶುರುವಾಗುತ್ತದೆ. ಕಡೂರು ಕಡೆ ನಾನು ಟೀಚರಾಗಿದ್ದಾಗ ಐದನೇ ಕ್ಲಾಸಿಗೇ ಮೈನೆರೆದ ಹುಡುಗಿಗೆ ಸೋದರಮಾವ ಸೊಪ್ಪು ತಂದು ಗುಡ್ಲು ಹಾಕಿದ್ದನ್ನು, ಮನೆಯವರು ಚಿಗಳಿ ಹಂಚಿದ್ದನ್ನು ಕಂಡಿದ್ದೇನೆ. ಊರಿಗೆಲ್ಲ ಗೊತ್ತು. ಆಗಿದ್ದೇನು ಅಂತ ಗೊತ್ತಿಲ್ಲದ್ದು ಆ ಮಗುವಿಗೊಂದೇ.

ಹುಡುಗರ ಪಾಡು ಇನ್ನೂ ಕಷ್ಟ. ಅವರಿಗೆ ಆರತಿಯೂ ಇಲ್ಲ, ಸಿಸ್ಟರೂ ಇಲ್ಲ. ನಿದ್ದೆಯಲ್ಲಿ ಚಡ್ಡಿ ಒದ್ದೆಯಾದರೆ ಯಾವುದೋ ರೋಗ ಬಂತು ಅಂತ ಹೆದರುತ್ತಾರೆ. ಬಸ್ ಸ್ಟ್ಯಾಂಡ್ ಗೋಡೆಯ ‘ಗುಪ್ತರೋಗ’ದ ಪೋಸ್ಟರುಗಳು ಆ ಹೆದರಿಕೆಯನ್ನೇ ನಂಬಿ ಬದುಕುತ್ತವೆ. ಅದು ವೀರ್ಯ, ಈ ವಯಸ್ಸಿನಲ್ಲಿ ಹೀಗೆ ಆಚೆ ಬರುವುದುಂಟು, ಕಾಯಿಲೆಯಲ್ಲ, ಶಕ್ತಿಯೇನೂ ಸೋರಿ ಹೋಗಲ್ಲ ಅಂತ ಬಿಡಿಸಿ ಹೇಳಿ. ಸ್ವರ ಒಡೆಯುವುದು, ಮೊಡವೆ ಇವನ್ನೆಲ್ಲ ಅವರೇ ಕೇಳುತ್ತಾರೆ.

ಮುಟ್ಟಿನ ಪಾಠಕ್ಕೂ ಅವರನ್ನು ಕೂರಿಸಿ. ಲಂಗದ ಮೇಲೆ ಕಲೆ ಕಂಡು ಕಿಸಕ್ಕೆಂದು ನಗುವ ಹುಡುಗನಿಗೆ ಅದೇನು ಅಂತ ಯಾರೂ ಹೇಳಿರುವುದಿಲ್ಲ. ಗರ್ಭಕೋಶದ ಒಳಪದರ ತಿಂಗಳಿಗೊಮ್ಮೆ ಕಳಚಿ ರಕ್ತದ ಜೊತೆ ಬರುತ್ತದೆ ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿ. ಮೊದಲು ನಗಲಿ ಬಿಡಿ. ಪ್ರವಾಸ ಹೋದಾಗ ಬೇಲೂರಿನ ಮದನಿಕೆಯರ ಮುಂದೆಯೂ ನಗುತ್ತಾರೆ, ಅಲ್ವಾ? (ಅಲ್ಲಿ ಮೊದಲು ತಲೆ ತಗ್ಗಿಸುವವರು ನಾವು ಟೀಚರುಗಳೇ.)

ಶಾಲೆಯ ಗೋಡೆ ಮೇಲೆ ಎರಡು ಹೆಸರು, ನಡುವೆ ಪ್ಲಸ್ ಗುರುತು ಕಂಡರೆ ಅಳಿಸಿ ಬೈಯಬೇಡಿ. ಇಷ್ಟವಾಗುವುದು ತಪ್ಪಲ್ಲ. ಬೇಡ ಅಂದ ಮೇಲೂ ಹಿಂದೆ ಸುತ್ತುವುದು, ಫೋಟೋ ಕಳಿಸು ಅಂತ ಪೀಡಿಸುವುದು ತಪ್ಪು. ಇದನ್ನು ಹುಡುಗರಿಗೆ ಇನ್ನೊಬ್ಬ ಗಂಡಸು ಹೇಳಿದರೆ ಜಾಸ್ತಿ ನಾಟುತ್ತದೆ.

ನಿಮ್ಮ ಕಡೆ ಕಾಫಿ ಕೊಯ್ಲಿನ ಕಾಲದಲ್ಲಿ ತೋಟದ ಕೂಲಿಯವರ ಲೈನ್ ಮನೆ ಮಕ್ಕಳು ಅಪ್ಪ ಅಮ್ಮ ಬರೋವರೆಗೆ ಒಂಟಿ. ಮುಟ್ಟಬಾರದ ಕಡೆ ಯಾರೇ ಮುಟ್ಟಿದರೂ, ಮಾವನಾದರೂ ಮೇಷ್ಟ್ರಾದರೂ, ಹೇಳಬೇಕು ಅಂತ ಕಲಿಸಿ. ಮಕ್ಕಳ ಸಹಾಯವಾಣಿಯ 1098 ನಂಬರನ್ನು ಬಾಯಿಪಾಠ ಮಾಡಿಸಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ 18 ತುಂಬದ ಹುಡುಗರಿಗೂ ಅನ್ವಯಿಸುತ್ತದೆ. ಮಗು ಹೇಳಿಕೊಂಡರೆ ನೀವು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ನಿಮಗೇ ಶಿಕ್ಷೆ. ಊರಿನವರ ರಾಜಿ ಪಂಚಾಯ್ತಿಗೆ ಕೂರಬೇಡಿ.

ಹೆಡ್ ಮಾಸ್ಟರನ್ನು ಒಪ್ಪಿಸಲು ಪೋಷಕರಿರುವ ಶಾಲಾ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯೇ ದಾರಿ. ಬೋರ್ಡಿನ ಮೇಲೆ ಬರೆಯುವುದನ್ನು ಮೊದಲು ತಾಯಂದಿರಿಗೆ ತೋರಿಸಿ. ಅರ್ಧ ಜನ ‘ನಮಗೂ ಯಾರೂ ಹೇಳಿರಲಿಲ್ಲ’ ಅನ್ನುತ್ತಾರೆ. ಮಕ್ಕಳು ಹಾಳಾಗುತ್ತಾರೆ ಅನ್ನುವವರಿಗೆ ಲೈಂಗಿಕ ಶಿಕ್ಷಣದ ಬಗ್ಗೆ ಯುನೆಸ್ಕೋದ 2018ರ ಮಾರ್ಗದರ್ಶಿಯನ್ನು ತೋರಿಸಿ. ಹಲವು ದೇಶಗಳ ಅಧ್ಯಯನ ನೋಡಿ, ಇಂಥ ಪಾಠದಿಂದ ಮಕ್ಕಳು ಬೇಗ ಆ ದಾರಿ ಹಿಡಿಯುವುದಿಲ್ಲ ಅಂತ ಅದು ಹೇಳಿದೆ. ಕ್ಲಾಸಿನ ಬಾಗಿಲು ತೆಗೆದಿರಲಿ, ಜೊತೆಗೊಬ್ಬ ಟೀಚರಮ್ಮ ಕೂತಿರಲಿ.

ಪ್ರಶ್ನೆಗಳಿಗೆ ಖಾಲಿ ಸೀಮೆಸುಣ್ಣದ ಡಬ್ಬ ಸಾಕು. ಎಲ್ಲರೂ ಹೆಸರಿಲ್ಲದ ಚೀಟಿ ಹಾಕಬೇಕು. ಕೇಳಲು ಏನೂ ಇಲ್ಲದವರು ‘ಪ್ರಶ್ನೆ ಇಲ್ಲ’ ಅಂತ ಬರೆಯಲಿ, ಆಗ ಯಾರು ಕೇಳಿದ್ದು ಅಂತ ಗೊತ್ತಾಗಲ್ಲ. ಉತ್ತರ ಗೊತ್ತಿಲ್ಲದ್ದನ್ನು ಆಸ್ಪತ್ರೆಯ ಡಾಕ್ಟರನ್ನು ಕೇಳಿ ಮುಂದಿನ ವಾರ ಹೇಳಿ. ಆಮೇಲೆ ಚೀಟಿಗಳನ್ನು ಮನೆಯ ಹಂಡೆ ಒಲೆಗೆ ಹಾಕಿ. ಸ್ಟಾಫ್ ರೂಮಿನಲ್ಲಿ ಓದಿ ನಗುವ ಚಟ ನಮ್ಮವರಿಗಿದೆ.